ಹೇಳಿದ್ರೂ ಯಾರೂ ನಂಬದ ಗುಟ್ಟು, ಹೇಳದೇ ಇದ್ರೂ ಎಲ್ರೂ ನಂಬೋ ಗುಟ್ಟು

ಹಳೇ ಲಂಡನ್ನು, ಗ್ಯಾಸ್ ದೀಪ ಹೋಗಿ ಕರೆಂಟ್ ದೀಪ ಬರ್ತಿರೋ ಕಾಲ, ಊರೊಳಗೇ ಯಾರ ಕಣ್ಣಿಗೂ ಬೀಳದ ಇನ್ನೊಂದು ಲೋಕ, ಅಲ್ಲಿ ನಾಲ್ಕೈದು ಹಳೇ ಮನೆತನಗಳು ತಲೆತಲಾಂತರದಿಂದ ಮಂತ್ರವಿದ್ಯೆ ಬಚ್ಚಿಟ್ಕೊಂಡು ಬಂದಿರ್ತವೆ, ಅದರ ಮಧ್ಯೆ ಇಬ್ಬರು ಗಂಡಸರು, ಒಬ್ಬನಿಗೆ ಮ್ಯಾಜಿಕ್ ಬರುತ್ತೆ ಇನ್ನೊಬ್ಬನಿಗೆ ಅದು ಇದೆ ಅಂತಾನೇ ಗೊತ್ತಿಲ್ಲ, ಮೊದಲು ಜಗಳ, ಆಮೇಲೆ ಶಾಪ, ಆಮೇಲೆ ಪ್ರೀತಿ. ಈ ಥರದ ಕಾದಂಬರಿ ಕೈಗೆ ಸಿಕ್ರೆ ನಾನು ನಿದ್ದೆ ಬಿಟ್ಟು ಓದ್ತೀನಿ. ಅದರಲ್ಲೂ ಏಳನೇ ಎಡ್ವರ್ಡ್ ಕಾಲ, ಅಂದ್ರೆ 1901ರಿಂದ 1910ರವರೆಗಿನ ಇಂಗ್ಲೆಂಡು ಆದ್ರೆ ಇನ್ನೂ ಖುಷಿ. ಆದ್ರೆ ಓದ್ತಾ ಓದ್ತಾ ಒಂದು ವಿಷಯ ತಲೆಗೆ ಹತ್ಕೊಂಡುಬಿಟ್ಟಿದೆ, ಅದನ್ನ ಬರೆದು ಮುಗಿಸೋಣ ಅಂತ.

ಈ ಕಥೆಗಳಲ್ಲಿ ಯಾವಾಗ್ಲೂ ಎರಡು ಗುಟ್ಟು ಇರುತ್ತೆ, ಮಂತ್ರದ್ದೊಂದು, ಪ್ರೀತಿದೊಂದು. ಬಹಳಷ್ಟು ಲೇಖಕರು ಎರಡನ್ನೂ ಒಂದೇ ಥರ ಬರೀತಾರೆ, ಎರಡೂ ಬಚ್ಚಿಡಬೇಕಾದ್ದು ತಾನೆ, ಸಿಕ್ಕಿಬಿದ್ರೆ ಎರಡೂ ಕಷ್ಟ ತಾನೆ ಅನ್ನೋ ಲೆಕ್ಕ. ಅಲ್ಲ ಕಣ್ರೀ. ಆ ಕಾಲದ ಕಾನೂನು ಒಂಚೂರು ತೆಗೆದು ನೋಡಿದ್ರೆ ಸಾಕು, ಇವೆರಡೂ ಒಂದಕ್ಕೊಂದು ಪೂರಾ ಉಲ್ಟಾ.

ಮಂತ್ರದ ಕಡೆ ನೋಡಿ. ಇಂಗ್ಲೆಂಡಲ್ಲಿ ಮಾಟಗಾತಿಯರನ್ನ ನೇಣಿಗೆ ಹಾಕ್ತಿದ್ದ ಕಾಲ ಒಂದಿತ್ತು, ಸರಿ, ಆದ್ರೆ 1735ರಲ್ಲಿ ಬಂದ ವಿಚ್‌ಕ್ರಾಫ್ಟ್ ಆಕ್ಟ್ ಆಟಾನೇ ಬದಲಾಯಿಸಿಬಿಡ್ತು. ಅದರ ಪ್ರಕಾರ ಮಾಟ ಮಾಡೋದು ಅಪರಾಧ ಅಲ್ಲ, ಯಾಕಂದ್ರೆ ಮಾಟ ಅನ್ನೋದೇ ಇಲ್ಲ, ನಂಗೆ ಮಾಟ ಬರುತ್ತೆ ಅಂತ ನಾಟಕ ಆಡೋದು ಮಾತ್ರ ಅಪರಾಧ, ಅದಕ್ಕೆ ಒಂದು ವರ್ಷ ಜೈಲು. ಈ ಕಾಯ್ದೆ 1951ರವರೆಗೂ ಇತ್ತು. ಅಂದ್ರೆ 1908ರ ಲಂಡನ್ನಲ್ಲಿ ನಿಜವಾದ ಮಂತ್ರವಾದಿ ಒಬ್ಬ ಬೀದೀಲಿ ನಿಂತು ನಾನು ಮಂತ್ರವಾದಿ ಅಂತ ಕೂಗಿದ್ರೂ ಪೊಲೀಸಿನವನು ಇವನ್ಯಾರೋ ಮೋಸಗಾರ ಅಂತ ಎಳ್ಕೊಂಡು ಹೋಗ್ತಾನೇ ಹೊರತು ನಂಬಲ್ಲ! ಬಚ್ಚಿಟ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಸರ್ಕಾರವೇ ನೀವು ಇಲ್ಲ ಅಂತ ಬರೆದು ಕೊಟ್ಟಿದೆ.

ಇನ್ನು ಪ್ರೀತಿ ಕಡೆ. 1835ರಲ್ಲಿ ಜೇಮ್ಸ್ ಪ್ರಾಟ್ ಮತ್ತೆ ಜಾನ್ ಸ್ಮಿತ್ ಅನ್ನೋ ಇಬ್ಬರು ಬಡವರನ್ನ ಲಂಡನ್ನಿನ ನ್ಯೂಗೇಟ್ ಜೈಲಿನ ಮುಂದೆ ನೇಣಿಗೆ ಹಾಕಿದ್ರು, ಗಂಡಸರಿಬ್ಬರ ದೈಹಿಕ ಸಂಬಂಧ ಅನ್ನೋ ಅಪರಾಧಕ್ಕೆ ಆ ದೇಶದಲ್ಲಿ ಗಲ್ಲಾದ ಕೊನೆಯವರು ಅವರೇ. 1861ರಲ್ಲಿ ಅದಕ್ಕಿದ್ದ ಗಲ್ಲು ಶಿಕ್ಷೆ ಹೋಯ್ತು. ಹೋಯ್ತಲ್ಲ ಅಂತ ಉಸಿರು ಬಿಡೋ ಅಷ್ಟರಲ್ಲಿ 1885 ಬಂತು. ಆ ವರ್ಷ ಪಾರ್ಲಿಮೆಂಟಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಒಂದು ಬಿಲ್ ಚರ್ಚೆ ಆಗ್ತಿತ್ತು, ಹೊತ್ತು ಮೀರಿದ ರಾತ್ರೀಲಿ ಹೆನ್ರಿ ಲಬೂಷೇರ್ ಅನ್ನೋ ಎಂಪಿ ಒಂದು ತಿದ್ದುಪಡಿ ಸೇರಿಸಿಬಿಟ್ಟ, ಅದೇ ಸೆಕ್ಷನ್ 11. ಇಬ್ಬರು ಗಂಡಸರ ಮಧ್ಯೆ ಯಾವುದೇ 'ಘೋರ ಅಸಭ್ಯ' ನಡವಳಿಕೆ, ಬೀದೀಲಾಗ್ಲಿ ಮನೆ ಒಳಗಾಗ್ಲಿ, ಎರಡು ವರ್ಷದವರೆಗೆ ಜೈಲು, ಬೇಕಿದ್ರೆ ಕಠಿಣ ದುಡಿಮೆ ಸಮೇತ. ಘೋರ ಅಸಭ್ಯ ಅಂದ್ರೆ ಏನು ಅಂತ ಎಲ್ಲೂ ಬರೆದಿಲ್ಲ. ಮನೆ ಒಳಗೂ ಅಂದಿದ್ದೇ ತಡ ಕೆಲಸದವರು, ಪಕ್ಕದ ಮನೆಯವರು, ಹೋಟೆಲಲ್ಲಿ ರೂಮ್ ಗುಡಿಸೋರು, ಎಲ್ರೂ ಸಾಕ್ಷಿಗಳಾಗಿಬಿಟ್ರು. ಜನ ಈ ಕಾನೂನಿಗೆ ಬ್ಲ್ಯಾಕ್‌ಮೇಲ್ ಮಾಡೋರ ಸನ್ನದು ಅಂತಾನೇ ಹೆಸರಿಟ್ಟಿದ್ರು.

ನಾಟಕಕಾರ ಆಸ್ಕರ್ ವೈಲ್ಡ್ ಕಥೆ ಎಲ್ರಿಗೂ ಗೊತ್ತು, 1895ರ ಮೇ ತಿಂಗಳಲ್ಲಿ ಇದೇ ಸೆಕ್ಷನ್ ಕೆಳಗೆ ಎರಡು ವರ್ಷ ಕಠಿಣ ಶಿಕ್ಷೆ. ನಂಗೆ ಅದರಲ್ಲಿ ಯಾವಾಗ್ಲೂ ಕಾಡೋದು ಒಂದು ಕೋಟು. ವೈಲ್ಡ್ ತನ್ನ ಗೆಳೆಯ ಆಲ್ಫ್ರೆಡ್ ಡಗ್ಲಸ್‌ಗೆ ಬರೆದಿದ್ದ ಕಾಗದಗಳನ್ನ ಅವನು ಬಟ್ಟೆ ಜೇಬಲ್ಲೇ ಬಿಟ್ಟಿದ್ದ, ಆಮೇಲೆ ಆ ಬಟ್ಟೇನ ಆಲ್ಫ್ರೆಡ್ ವುಡ್ ಅನ್ನೋ ಹುಡುಗನಿಗೆ ಸುಮ್ನೆ ಕೊಟ್ಟುಬಿಟ್ಟ, ಜೇಬು ತಡಕಿ ನೋಡೋ ಅಭ್ಯಾಸಾನೂ ಇಲ್ಲ ಪುಣ್ಯಾತ್ಮನಿಗೆ. ಕಾಗದ ವುಡ್ ಕೈ ಸೇರ್ತು, ಅಲ್ಲಿಂದ ದುಡ್ಡು ಕೀಳೋರ ಕೈ ಸೇರ್ತು, ಕೊನೆಗೆ ಕೋರ್ಟಲ್ಲಿ ಎಲ್ರ ಮುಂದೆ ಓದಿದ್ರು. ಸವಾಯ್ ಹೋಟೆಲಿನ ಕೆಲಸದಾಕೆ ಬಂದು ಹಾಸಿಗೆ ಬಗ್ಗೆ ಸಾಕ್ಷಿ ಹೇಳಿದ್ಲು. ಅಂದ್ರೆ ನೋಡಿ, ಈ ಗುಟ್ಟಿಗೆ ಸಾಕ್ಷಿ ಅನ್ನೋದು ಒಂದು ಜೇಬಲ್ಲೂ ಇರಬಹುದು, ಒಂದು ಹಾಸಿಗೆ ಬಟ್ಟೇಲೂ ಇರಬಹುದು.

ಹಾಗಾಗಿ ಆ ಕಾಲದ ಮಂತ್ರವಾದಿ ಪ್ರೇಮಿಗೆ ಎರಡು ಗುಟ್ಟು ಅಂದ್ರೆ, ಒಂದನ್ನ ಬಾಯಿಬಿಟ್ಟು ಹೇಳಿದ್ರೂ ಯಾರೂ ನಂಬಲ್ಲ, ಇನ್ನೊಂದನ್ನ ಹೇಳದೇ ಇದ್ರೂ ಎಲ್ರೂ ನಂಬೋಕೆ ತಯಾರಾಗಿ ಕೂತಿದಾರೆ. ಒಂದು ಗುಟ್ಟು ಅವನಿಗೆ ಶಕ್ತಿ ಕೊಡುತ್ತೆ, ಇನ್ನೊಂದು ಅವನನ್ನ ಯಾವನೋ ಹೋಟೆಲ್ ಮಾಣಿ ಕೈಗೆ ಕೊಡುತ್ತೆ. ಈ ವ್ಯತ್ಯಾಸ ಅರ್ಥ ಆದ ಲೇಖಕರ ಕಥೆ ಓದೋಕೆ ಎಷ್ಟು ಮಜಾ ಇರುತ್ತೆ ಅಂದ್ರೆ, ಗಾಳೀಲಿ ಬೆಂಕಿ ಉಂಡೆ ಹಾರಿಸೋ ಮನುಷ್ಯ ಒಂದು ತುಂಡು ಕಾಗದಕ್ಕೆ ಹೆದರಿ ನಡುಗ್ತಾನೆ.

ತಮಾಷೆ ಅಂದ್ರೆ ಎರಡೂ ಸೇರೋ ಒಂದು ಜಾಗ ನಿಜವಾಗ್ಲೂ ಇತ್ತು, ಇದನ್ನ ಕಾದಂಬರಿಯೋರು ಯಾಕೆ ಬಳಸಿಕೊಳ್ಳಲ್ವೋ ಗೊತ್ತಾಗಲ್ಲ. 1824ರ ವೇಗ್ರನ್ಸಿ ಆಕ್ಟ್ ಅಂತ, ಅಲೆಮಾರಿಗಳನ್ನ ಹಿಡಿದು ಹಾಕೋ ಕಾನೂನು. ಅದರಲ್ಲಿ ಕೈ ನೋಡಿ ಭವಿಷ್ಯ ಹೇಳೋರನ್ನೂ ಪೋಕರಿಗಳು ಅಂತ ಸೇರಿಸಿದ್ರು. 1898ರಲ್ಲಿ ಅದಕ್ಕೇ ಒಂದು ತಿದ್ದುಪಡಿ ತಂದು, ಸಾರ್ವಜನಿಕ ಜಾಗದಲ್ಲಿ ಕೆಟ್ಟ ಉದ್ದೇಶಕ್ಕೆ ಜನರನ್ನ ಕರೆಯೋ ಗಂಡಸರನ್ನೂ ಅದೇ ಪಟ್ಟಿಗೆ ಸೇರಿಸಿದ್ರು, ಪೊಲೀಸರು ಅದನ್ನ ಬಳಸಿದ್ದು ಜಾಸ್ತಿ ಗಂಡಸರನ್ನ ಹುಡುಕಿಕೊಂಡು ಬರೋ ಗಂಡಸರ ಮೇಲೇ. ಅಂದ್ರೆ 1900ರ ಒಂದು ಬೆಳಗ್ಗೆ ಮ್ಯಾಜಿಸ್ಟ್ರೇಟ್ ಮುಂದಿನ ಬೆಂಚಲ್ಲಿ ಒಬ್ಬ ಭವಿಷ್ಯ ಹೇಳೋಳು ಮತ್ತೆ ಪಿಕಡಿಲಿ ಹತ್ರ ಹಿಡಿದು ತಂದ ಒಬ್ಬ ಹುಡುಗ ಪಕ್ಕಪಕ್ಕ ಕೂತಿರೋದು ಖಂಡಿತ ಸಾಧ್ಯ ಇತ್ತು, ಒಂದೇ ಕಾಯ್ದೆ ಕೆಳಗೆ. ಇಲ್ಲಿಂದ ಶುರುವಾಗೋ ಕಾದಂಬರಿ ಯಾರಾದ್ರೂ ಬರೀರಪ್ಪ, ನಾನು ಮೊದಲ ದಿನವೇ ಓದ್ತೀನಿ. (ಇದೇ ಇಂಗ್ಲಿಷರು 1860ರಲ್ಲಿ ನಮಗೂ ಇಂಥದ್ದೇ ಐಪಿಸಿ ಸೆಕ್ಷನ್ 377 ಬರೆದು ಕೊಟ್ಟು ಹೋದ್ರು, ಅದನ್ನ ಬಿಡಿಸಿಕೊಳ್ಳೋಕೆ 2018ರವರೆಗೂ ಕಾಯಬೇಕಾಯ್ತು, ಆ ಸಿಟ್ಟು ಇನ್ನೊಂದು ದಿನಕ್ಕೆ ಇಟ್ಕೊಳ್ತೀನಿ.)

ಈಗ ನನ್ನ ತಕರಾರು. ಮಂತ್ರ ಬರೋರನ್ನ ಸಮಾಜ ಹೆದರಿಸುತ್ತೆ, ಅವರು ಬಚ್ಚಿಟ್ಕೊಂಡು ಬದುಕ್ತಾರೆ, ಸೋ ಮಂತ್ರ ಅಂದ್ರೆ ಗಂಡು ಗಂಡಿನ ಪ್ರೀತಿಗೆ ಒಂದು ಸಂಕೇತ ಅಂತ ಹೇಳೋ ಕಥೆಗಳು. ಕೇಳೋಕೆ ಚೆನ್ನಾಗಿದೆ, ಆದ್ರೆ ಇಂಥ ಕಥೆಗಳಲ್ಲಿ ಮಂತ್ರ ಬರೋರು ಯಾರು ಅಂತ ನೋಡಿ, ಬಹುತೇಕ ಜಮೀನ್ದಾರರು, ಸರ್ ಬಿರುದಿನೋರು, ಹಳ್ಳೀಲಿ ನೂರು ಕೋಣೆ ಬಂಗಲೆ ಇರೋರು. ಇವರು ಬಚ್ಚಿಟ್ಟಿರೋದು ಆಸ್ತಿ. ಆಸ್ತಿ ಬಚ್ಚಿಡೋನ ಕಷ್ಟಾನೂ ಪ್ರೀತಿ ಬಚ್ಚಿಡೋನ ಕಷ್ಟಾನೂ ಒಂದೇ ತಕ್ಕಡಿಗೆ ಹಾಕಿದ್ರೆ ಹೇಗೆ? ಆಮೇಲೆ ಇನ್ನೊಂದು, ಗುಪ್ತ ಸಮಾಜ ಅಂದ ತಕ್ಷಣ ಅಲ್ಲಿ ಎಲ್ರೂ ಉದಾರಿಗಳು ಅಂತ ತಿಳ್ಕೊಳ್ಳೋದು ಯಾಕೆ? ಮಂತ್ರ ರಕ್ತದಲ್ಲಿ ಬರುತ್ತೆ ಅಂತ ನೀವೇ ನಿಯಮ ಮಾಡಿದ ಮೇಲೆ ಆ ಮನೆತನಗಳಿಗೆ ವಂಶ ಬೆಳೆಸೋದೇ ಮೊದಲ ಚಿಂತೆ ಆಗಿರುತ್ತೆ, ಮದುವೆ ಆಗಲ್ಲ ಅನ್ನೋ ಮಗನ ಮೇಲೆ ಹೊರಗಿನ ಲೋಕಕ್ಕಿಂತ ಅಲ್ಲೇ ಒತ್ತಡ ಜಾಸ್ತಿ ಇರಬೇಕು. ಅಮ್ಮ, ಅತ್ತೆ, ದೊಡ್ಡಪ್ಪ ಎಲ್ಲ ಸೇರ್ಕೊಂಡು ಹೆಣ್ಣು ತೋರಿಸ್ತಾನೇ ಇರಬೇಕು. ಇದನ್ನ ಬರೆದ ಕಥೆಗಳು ಕಡಿಮೆ.

ನಿಜವಾದ ಗುಪ್ತ ಮಂತ್ರ ಸಂಘ ಒಂದು ಆ ಕಾಲದಲ್ಲೇ ಲಂಡನ್ನಲ್ಲಿ ಇತ್ತು ಗೊತ್ತಲ್ಲ, ಗೋಲ್ಡನ್ ಡಾನ್ ಅಂತ, 1888ರಲ್ಲಿ ಶುರುವಾಗಿದ್ದು. ಮಂತ್ರ ನಿಜವಾಗಿ ಬರ್ತಿತ್ತಾ ಅನ್ನೋದು ಬಿಡಿ, ಅವರ ದಿನನಿತ್ಯದ ಪಾಡು ಮಾತ್ರ ಯಾವ ಕಾದಂಬರಿಗೂ ಕಮ್ಮಿ ಇಲ್ಲ. ಅದನ್ನ ಹುಟ್ಟುಹಾಕಿದ ಮೂವರಲ್ಲಿ ಒಬ್ಬ ವಿಲಿಯಂ ವೆಸ್ಟ್‌ಕಾಟ್, ಅವನ ಹಗಲಿನ ಕೆಲಸ ಏನು ಅಂದ್ರೆ ಕಾರೋನರ್, ಅನುಮಾನದ ಸಾವುಗಳ ವಿಚಾರಣೆ ಮಾಡೋ ಸರ್ಕಾರಿ ಹುದ್ದೆ. ಹಗಲು ಹೆಣ, ರಾತ್ರಿ ಮಂತ್ರ. 1897ರಲ್ಲಿ ಈ ವಿಷಯ ಮೇಲಧಿಕಾರಿಗಳ ಕಿವಿಗೆ ಬಿತ್ತು, ಕಾರೋನರ್ ಆದವನಿಗೆ ಇದೆಲ್ಲ ಶೋಭೆ ತರಲ್ಲ ಅನ್ನೋ ಮಾತು ಬಂತು, ಮನುಷ್ಯ ಸಂಘ ಬಿಟ್ಟು ನೌಕರಿ ಉಳಿಸ್ಕೊಂಡ. 1900ರ ಏಪ್ರಿಲ್‌ನಲ್ಲಂತೂ ಬ್ಲೈತ್ ರೋಡಲ್ಲಿದ್ದ ಅವರ ಮಂದಿರದ ಸ್ವಾಧೀನಕ್ಕೆ ಜಗಳ ಆಗಿ, ಒಂದು ಬಣದ ಪರವಾಗಿ ಸಂಘದವನೇ ಆದ ಅಲೆಸ್ಟರ್ ಕ್ರೌಲಿ ಸ್ಕಾಟ್ಲೆಂಡಿನ ಉಡುಪು ಹಾಕ್ಕೊಂಡು ಮುಖಕ್ಕೆ ಮುಖವಾಡ ಇಟ್ಕೊಂಡು ಬಂದ, ಇನ್ನೊಂದು ಬಣದಲ್ಲಿ ಕವಿ ಯೇಟ್ಸ್ ಇದ್ದ, ಕೊನೆಗೆ ಬಗೆಹರಿಸಿದ್ದು ಯಾವ ದೇವತೇನೂ ಅಲ್ಲ, ಒಬ್ಬ ಸಾದಾ ಪೊಲೀಸ್ ಪೇದೆ! ಲೋಕ ನಡುಗಿಸೋ ಮಂತ್ರವಾದಿಗಳು ಬೀಗದ ಕೈಗೆ, ಬಾಡಿಗೆ ಕಟ್ಟಡಕ್ಕೆ ಕಿತ್ತಾಡ್ತಿದ್ರು. ಕಾದಂಬರಿಗಳಲ್ಲಿ ಬರೋ ಮಂತ್ರ ಪರಿಷತ್ತುಗಳು ಮಾತ್ರ ಯಾವಾಗ್ಲೂ ಗಂಭೀರವಾಗಿ ಉದ್ದ ಮೇಜಿನ ಸುತ್ತ ಕೂತಿರ್ತವೆ. ಒಂದು ಕಮಿಟಿ ಮೀಟಿಂಗಾದ್ರೂ ಹಾಗೆ ನಡೆಯುತ್ತಾ ಹೇಳಿ.

ಆಮೇಲೆ ನೆನಪು ಅಳಿಸೋ ಮಂತ್ರ. ಇದರ ಬಗ್ಗೆ ನಂಗೆ ಹೇಳೋಕೆ ಬಹಳ ಇದೆ. ಗುಪ್ತ ಸಮಾಜ ಗುಪ್ತವಾಗೇ ಉಳೀಬೇಕು ಅಂದ್ರೆ ಏನೋ ಕಂಡುಬಿಟ್ಟ ಸಾಮಾನ್ಯರ ನೆನಪನ್ನ ಒರೆಸಿ ಕಳಿಸಬೇಕು, ಅದು ಇಲ್ದೆ ಆಗಲ್ಲ, ಕಥೆಗಾರರಿಗೆ ಅದು ತುಂಬಾ ಅನುಕೂಲ. ಆದ್ರೆ ಅದನ್ನ ಒಳಗೆ ತಂದ ತಕ್ಷಣ ಪ್ರೀತಿ ಕಥೇಲಿ ಒಂದು ಬಾಂಬ್ ಇಟ್ಟಂಗೆ. ಮಂತ್ರ ಬರೋ ಅವನು ಇವನ ತಲೆಯಿಂದ ಒಂದು ಸಂಜೆಯನ್ನ ತೆಗೆಯಬಲ್ಲ, ಇವನಿಗೆ ಅದು ಗೊತ್ತಿದೆ. ಇನ್ಮೇಲೆ ಇವನು ಅವನ ಜೊತೆ ಕಳೆದ ಪ್ರತಿ ಸಂಜೆ ಬಗ್ಗೆ ಹೇಗೆ ನಂಬಿಕೆ ಇಡೋದು? ನಿನ್ನೆ ಏನಾಯ್ತು ಅಂತ ನಂಗೆ ನೆನಪಿರೋದು ಪೂರ್ತಿನಾ ಇಲ್ಲ ನೀನು ಬಿಟ್ಟಿರೋದು ಇಷ್ಟೇನಾ? ಅದೂ ಅಲ್ದೆ ಇಲ್ಲಿ ಒಳ್ಳೇ ನೆಪಾನೂ ಇದೆ, ನಿನ್ನ ಒಳ್ಳೇದಕ್ಕೇ ಮಾಡ್ತಿದೀನಿ, ನಿಂಗೆ ನೆನಪಿಲ್ಲ ಅಂದ್ರೆ ಕೋರ್ಟಲ್ಲಿ ನಿನ್ನ ಬಾಯಿಂದ ಏನೂ ಬರಲ್ಲ, ಎರಡು ವರ್ಷ ಜೈಲು ತಪ್ಪುತ್ತೆ. ಎಂಥಾ ಭಯಂಕರ ಪ್ರೀತಿ ಇದು! ರಕ್ಷಣೆ ಹೆಸರಲ್ಲಿ ಕದಿಯೋದು. ಬಹಳಷ್ಟು ಕಥೆಗಳಲ್ಲಿ ಇದು ಕೊನೇ ಭಾಗದಲ್ಲಿ ಒಂದು ಅಳುವ ಸೀನ್ ಆಗಿ ಬಂದು, ಅವನು ಅಳಿಸೋಕೆ ಕೈ ಎತ್ತಿ, ಆಗಲ್ಲ ಅಂತ ಕೆಳಗೆ ಇಳಿಸಿ, ಇಬ್ಬರೂ ತಬ್ಬಿಕೊಂಡು ಮುಗಿದುಹೋಗುತ್ತೆ. ನಂಗೆ ಬೇಕಿರೋದು ಅದಕ್ಕಿಂತ ಮುಂಚಿನ ಮಾತುಕತೆ. ಇನ್ನೂ ಏನೂ ಆಗದೇ ಇರೋವಾಗ್ಲೇ, ಬೆಂಕಿ ಮುಂದೆ ಕೂತು ವಿಸ್ಕಿ ಕುಡೀತಾ, ಇವನು ಕೇಳಬೇಕು, ನೀನು ನನ್ನ ಮೇಲೆ ಅದನ್ನ ಯಾವತ್ತಾದ್ರೂ ಮಾಡಿದೀಯಾ ಅಂತ. ಅವನು ಉತ್ತರ ಕೊಡೋಕೆ ಮುಂಚೆ ಒಂದು ಕ್ಷಣ ತಡ ಮಾಡಬೇಕು. ಅಷ್ಟು ಸಾಕು, ಇನ್ನು ನೂರು ಪುಟ ನಾನು ಉಗುರು ಕಚ್ಕೊಂಡು ಓದ್ತೀನಿ.

ಇದರ ಜೊತೆಗೇ ಬರೋ ಇನ್ನೊಂದು ತೊಂದರೆ, ಬ್ಲ್ಯಾಕ್‌ಮೇಲ್ ಮಾಡೋನು. ಆ ಕಾಲದ ಕಥೆ ಅಂದ ಮೇಲೆ ಅವನು ಬರಲೇಬೇಕು. ಆದ್ರೆ ನಾಯಕನಿಗೆ ನೆನಪು ಅಳಿಸೋಕೆ ಬಂದ್ರೆ ಅವನ ನೆನಪನ್ನ ಅಳಿಸಿ ಕಾಗದ ಸುಟ್ಟುಬಿಡಬಹುದಲ್ಲ, ಕಥೆ ಎರಡನೇ ಅಧ್ಯಾಯಕ್ಕೇ ಖಲ್ಲಾಸ್. ಅದಕ್ಕೇ ಮಂತ್ರಕ್ಕೆ ಬೆಲೆ ಇರಬೇಕು, ಮಾಡಿದವನಿಂದ ಏನಾದ್ರೂ ಕಿತ್ಕೊಳ್ಳಬೇಕು, ಇಲ್ಲಾಂದ್ರೆ ಮಾಡಿದ್ದು ಪರಿಷತ್ತಿಗೆ ಗೊತ್ತಾಗಬೇಕು, ಗೊತ್ತಾದ್ರೆ ಯಾಕೆ ಮಾಡಿದೆ ಅಂತ ಅವರು ಕೇಳಬೇಕು. ಅಲ್ಲಿಗೆ ಮೊದಲನೇ ಗುಟ್ಟು ಎರಡನೇ ಗುಟ್ಟನ್ನ ಕಾಪಾಡೋಕೆ ಹೋಗಿ ಎರಡನ್ನೂ ಬೀದಿಗೆ ತಂತು. ಕಾರಣ ಬರೆದು ಕೊಡು ಅಂದ್ರೆ ಅವನು ಏನು ಬರೀತಾನೆ ಪಾಪ.

ಚಿಕ್ಕಪುಟ್ಟ ವಿಷಯಗಳಲ್ಲಿ ಮಾತ್ರ ಒಳ್ಳೇ ಲೇಖಕರು ನನ್ನ ಮನಸ್ಸು ಗೆದ್ದುಬಿಡ್ತಾರೆ. ಆ ಕಾಲದ ಅಂಗಿ ಕಾಲರ್ ಅಂಗಿಗೆ ಹೊಲಿದಿರ್ತಿರಲಿಲ್ಲ ಗೊತ್ತಾ, ಗಂಜಿ ಹಾಕಿ ಹಲಗೆ ಥರ ಮಾಡಿದ ಕಾಲರನ್ನ ಹಿಂದೆ ಒಂದು ಮುಂದೆ ಒಂದು ಸ್ಟಡ್ ಹಾಕಿ ಅಂಗಿಗೆ ಸಿಕ್ಕಿಸ್ಕೊಳ್ಳಬೇಕು, ಹಿಂದಿನದು ತಾನೇ ಹಾಕ್ಕೊಳ್ಳೋದು ಅಂದ್ರೆ ಹರಸಾಹಸ. ಒಬ್ಬನ ಕೈಗೆ ಗಾಯ ಆಗಿದೆ, ಬೆಳಗ್ಗೆ ಆಫೀಸಿಗೆ ಹೋಗಬೇಕು, ಇನ್ನೊಬ್ಬ ಹಿಂದೆ ನಿಂತು ಆ ಸ್ಟಡ್ ಹಾಕಿಕೊಡ್ತಾನೆ, ಬೆರಳು ಕತ್ತಿಗೆ ತಾಕುತ್ತೆ, ಇಬ್ಬರೂ ಹವಾಮಾನದ ಬಗ್ಗೆ ಮಾತಾಡ್ತಾರೆ. ಇಷ್ಟಕ್ಕೇ ಎದೆ ಝಲ್ ಅನ್ನೋ ಹಾಗೆ ಬರೆಯೋಕೆ ಬಂದ್ರೆ ಆಮೇಲೆ ಮಂಚದ ಸೀನ್ ಇದ್ರೂ ಸರಿ ಇಲ್ದಿದ್ರೂ ಸರಿ. ಹಾಗೇ ಇಬ್ಬರು ಬ್ರಹ್ಮಚಾರಿಗಳು ಒಂದೇ ಮನೆ ಬಾಡಿಗೆಗೆ ಹಿಡಿದು ಇರೋದು ಆಗ ಯಾರ ಹುಬ್ಬನ್ನೂ ಏರಿಸ್ತಿರಲಿಲ್ಲ, ಖರ್ಚು ಉಳಿಯುತ್ತೆ ಅಂತ ಎಷ್ಟೋ ಜನ ಹಾಗೇ ಇದ್ರು. ಬಾಗಿಲು ಹಾಕ್ಕೊಂಡು ಒಟ್ಟಿಗೆ ಇರೋಕೆ ತೊಂದರೆ ಇಲ್ಲ, ಕಾಗದ ಬರೆದ್ರೆ ತೊಂದರೆ. ಈ ಕಾಲದ ಹುಡುಗರಿಗೆ ಅರ್ಥ ಆಗೋ ವಿಷಯವೇ, ಸ್ಕ್ರೀನ್‌ಶಾಟ್ ಭಯ.

ದುಡ್ಡಿನ ಅಂತರದ ಬಗ್ಗೆ ಮಾತ್ರ ಈ ಕಥೆಗಳು ಕಾಟಾಚಾರಕ್ಕೆ ಬರೆದು ಮುಂದೆ ಹೋಗ್ತವೆ. 1889ರ ಕ್ಲೀವ್‌ಲ್ಯಾಂಡ್ ಸ್ಟ್ರೀಟ್ ಪ್ರಕರಣ ಶುರುವಾಗಿದ್ದೇ ಟೆಲಿಗ್ರಾಂ ಹಂಚೋ ಒಬ್ಬ ಹುಡುಗನ ಹತ್ರ ಅವನ ಸಂಬಳಕ್ಕೆ ಮೀರಿದ ದುಡ್ಡು ಸಿಕ್ಕಿದ್ದರಿಂದ, ಪೊಲೀಸಿನವನು ಕಳ್ಳತನದ ತನಿಖೆಗೆ ಅಂತ ಬಂದು ಕೇಳಿದಾಗ ಆ ಬೀದಿಯ 19ನೇ ನಂಬರಿನ ಮನೆ ಗಂಡಸರಿಗೆ ಹುಡುಗರನ್ನ ಒದಗಿಸೋ ವೇಶ್ಯಾಗೃಹ ಅನ್ನೋ ವಿಷಯ ಹೊರಗೆ ಬಂತು. ಹುಡುಗರಿಗೆ ಕೆಲಸ ಹೋಯ್ತು, ಅವರಲ್ಲಿ ಒಬ್ಬನಿಗೆ ಜೈಲೂ ಆಯ್ತು, ಗಿರಾಕಿಗಳಲ್ಲಿ ಒಬ್ಬನಾಗಿದ್ದ ಲಾರ್ಡ್ ಆರ್ಥರ್ ಸಾಮರ್‌ಸೆಟ್ ಮಾತ್ರ ಫ್ರಾನ್ಸಿಗೆ ಹೋಗಿ ಆರಾಮಾಗಿ ಬದುಕಿದ. ಶ್ರೀಮಂತನಿಗೆ ಸಮುದ್ರ ದಾಟೋ ಹಡಗು ಇತ್ತು. ಲಾರ್ಡ್ ಮತ್ತೆ ಅವನ ಸೆಕ್ರೆಟರಿ ಪ್ರೀತಿ ಅಂತ ಬರೆಯೋವಾಗ ಸಿಕ್ಕಿಬಿದ್ರೆ ಜೈಲಿಗೆ ಹೋಗೋನು ಯಾರು ಅನ್ನೋದನ್ನ ಇಬ್ಬರೂ ಒಂದು ಸಲ ಆದ್ರೂ ಬಾಯಿಬಿಟ್ಟು ಹೇಳಬೇಕಲ್ವಾ?

ಇಷ್ಟೆಲ್ಲ ಹೇಳಿದ ಮೇಲೆ ಸುಖಾಂತ್ಯ ಅನ್ನೋದು ಆ ಕಾಲಕ್ಕೆ ಸುಳ್ಳಲ್ವಾ ಅಂತ ಕೇಳೋರು ಇದಾರೆ. ಸುಳ್ಳಲ್ಲ. ಎಡ್ವರ್ಡ್ ಕಾರ್ಪೆಂಟರ್ ಅಂತ ಒಬ್ಬ ಲೇಖಕ, ಓದಿದವನು, ಅನುಕೂಲಸ್ಥ, ಅವನ ಜೊತೆಗಾರ ಜಾರ್ಜ್ ಮೆರಿಲ್, ಶೆಫೀಲ್ಡಿನ ಬಡ ಕುಟುಂಬದವನು, ಇಬ್ಬರೂ 1898ರಿಂದ ಮಿಲ್‌ಥಾರ್ಪ್ ಅನ್ನೋ ಹಳ್ಳೀಲಿ ಒಂದೇ ಮನೇಲಿ ಸಂಸಾರ ಮಾಡಿದ್ರು, ವೈಲ್ಡ್‌ಗೆ ಶಿಕ್ಷೆ ಆಗಿ ಇನ್ನೂ ಮೂರೇ ವರ್ಷ ಆಗಿತ್ತು. ಮೆರಿಲ್ 1928ರಲ್ಲಿ ತೀರ್ಕೊಳ್ಳೋವರೆಗೂ ಒಬ್ಬರನ್ನೊಬ್ಬರು ಬಿಟ್ಟು ಹೋಗಲಿಲ್ಲ. ಇವರ ಮನೆಗೆ 1913ರಲ್ಲಿ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಹೋಗಿ ಬಂದು, ಆ ಪ್ರೇರಣೆಯಿಂದಲೇ 'ಮಾರಿಸ್' ಅನ್ನೋ ಕಾದಂಬರಿ ಬರೆಯೋಕೆ ಕೂತ, ಇಬ್ಬರು ಗಂಡಸರೂ ಕೊನೆಗೆ ಒಟ್ಟಿಗೇ ಉಳೀಬೇಕು ಅಂತ ಹಠ ಹಿಡಿದು ಬರೆದ, ಆದ್ರೆ ಅದು ಅಚ್ಚಾಗಿದ್ದು ಅವನು ಸತ್ತ ಮೇಲೆ, 1971ರಲ್ಲಿ. ಜೈಲಿಗೋ ನೇಣಿಗೋ ಕಳಿಸಿದ್ರೆ ಬೇಗ ಅಚ್ಚು ಹಾಕಬಹುದಿತ್ತೇನೋ, ಸುಖವಾಗಿಟ್ಟಿದ್ದೇ ತೊಂದರೆ ಆಯ್ತು.

ಸುಖಾಂತ್ಯದ ವಿಷಯದಲ್ಲಿ ನನ್ನ ತಲೆ ಕೆಡಿಸೋದು ಕಾನೂನಲ್ಲ, ಕ್ಯಾಲೆಂಡರು. ಕಥೆ 1908ರಲ್ಲಿ ನಡೆಯುತ್ತೆ ಅಂದ್ಕೊಳ್ಳಿ, ನಾಯಕನಿಗೆ 25. ಪುಸ್ತಕ ಮುಚ್ಚಿ ಆರೇ ವರ್ಷಕ್ಕೆ ಮಹಾಯುದ್ಧ. 1916ರಲ್ಲಿ ಬ್ರಿಟನ್ ಕಡ್ಡಾಯ ಸೈನ್ಯ ಸೇವೆ ತಂದಾಗ ಮೊದಲು ಕರೆದಿದ್ದು ಮದುವೆ ಆಗದವರನ್ನ, 18ರಿಂದ 41ರ ವಯಸ್ಸಿನವರನ್ನ, ಮದುವೆ ಆದವರ ಸರದಿ ಬಂದಿದ್ದು ಕೆಲವು ತಿಂಗಳಾದ ಮೇಲೆ. ನಮ್ಮ ಇಬ್ಬರು ಹೀರೋಗಳೂ ಸರ್ಕಾರದ ಲೆಕ್ಕದಲ್ಲಿ ಅವಿವಾಹಿತರು, ಇಬ್ಬರಿಗೂ ಮೊದಲನೇ ಪಟ್ಟೀಲೇ ಕಾಗದ ಬರುತ್ತೆ. ಅಲ್ಲಿಂದ ಹೆಂಗೋ ಬದುಕಿ ಬಂದು, ಇಂಗ್ಲೆಂಡ್ ಈ ಕಾನೂನನ್ನ ಸಡಿಲಿಸಿದ 1967ರವರೆಗೂ ಇದ್ರೆ ಅವನಿಗೆ 84 ವರ್ಷ. ಎಪಿಲೋಗ್‌ನಲ್ಲಿ ಹಳ್ಳಿ ಮನೆ, ತೋಟ, ಜೇನು ಸಾಕಣೆ ಅಂತ ಬರೆದು ಕೈ ತೊಳ್ಕೊಳ್ಳೋ ಲೇಖಕರಿಗೆ ನಾನು ಕೇಳೋದು ಇದೊಂದೇ, ಮಂತ್ರ ಇದೆಯಲ್ಲ ನಿಮ್ಮ ಹತ್ರ, 1916ರ ಆ ಕಾಗದಕ್ಕೆ ಅದನ್ನ ಬಳಸ್ತೀರೋ ಇಲ್ವೋ? ಪಕ್ಕದ ಮನೆ ಹುಡುಗ ಹೋಗ್ತಿರೋವಾಗ ಇವರು ಮಂತ್ರ ಹಾಕಿ ತಪ್ಪಿಸ್ಕೊಂಡು ಕೂರ್ತಾರಾ, ಕೂತ್ರೆ ಆಮೇಲೆ ಒಬ್ಬರ ಮುಖ ಒಬ್ಬರು ನೋಡ್ಕೊಳ್ಳೋದು ಹೇಗೆ? ಎರಡನೇ ಭಾಗ ಬರೆಯೋರಿದ್ರೆ ಅಲ್ಲಿಂದ ಶುರು ಮಾಡಿ.